ಲಕ್ಷ್ಮಯ್ಯನ ಕೈ

"ಯಾವನೋ ಅವ್ನು ರಾಮಾಂಜಿನಪ್ಪ? ಮುಂದಕ್ಕೆ ಬರ್ಲಿ ನೋಡಣ. ಸರ್ಕಾರಿ ಫ್ಯಾಕ್ಟ್ರಿಯಿಂದ ಕಾಗ್ದ ತರಿಸ್ಕೊಳ್ಳೋ ಅಷ್ಟು ದೊಡ್ಡ ಮನುಷ್ಯ ಯಾವ ಬೋಳಿಮಗ ಇದಾನೆ ಇಲ್ಲಿ?"

ಸೂಪರ್‌ವೈಸರ್ ಕೃಷ್ಣಸ್ವಾಮಿ ಟೈಮಾಫೀಸಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕಂದು ಬಣ್ಣದ ಲಕೋಟೆಯೊಂದನ್ನು ಗಾಳಿಯಲ್ಲಿ ಆಡಿಸುತ್ತಿದ್ದ. ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ. ಪೀಣ್ಯದ ಎರಡನೇ ಹಂತದ, ತಗಡು ಕತ್ತರಿಸುವ ಆ ಪ್ರೆಸ್ ಶಾಪಿನ ಮುಂದೆ ಹಾಜರಿ ಹಾಕಲು ನಿಂತಿದ್ದ ಮೂವತ್ತು ಜನಕ್ಕೂ ರಾಮಾಂಜಿನಪ್ಪ ಯಾರೆಂದು ಗೊತ್ತಿತ್ತು. ಕೃಷ್ಣಸ್ವಾಮಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಸಾಲಿನಲ್ಲಿ ಆರನೆಯವನಾಗಿ ನಿಂತಿದ್ದ ರಾಮಾಂಜಿನಪ್ಪ ತಲೆ ಎತ್ತಲಿಲ್ಲ.

"ಯಾರೂ ಇಲ್ವಾ? ಸರಿ ಬಿಡಿ. ಈ ಹೆಸರಿನೋನು ಇಲ್ಲಿಲ್ಲ ಅಂತ ಬರ್ದು ವಾಪಸ್ ಕಳಿಸ್ತೀನಿ."

ಸಾಲು ಸರಿಯಿತು. ರಾಮಾಂಜಿನಪ್ಪನ ಸರದಿ ಬಂತು. ಕೃಷ್ಣಸ್ವಾಮಿ ಲಕೋಟೆಯನ್ನು ರಿಜಿಸ್ಟರಿನ ಪಕ್ಕದಲ್ಲೇ ಇಟ್ಟು, ಅದರ ಮೇಲೆ ಎರಡು ಬೆರಳೂರಿದ.

"ನಿನ್ನ ಹೆಸರೇನೋ?"

"ಲಕ್ಷ್ಮಯ್ಯ ಸಾ."

"ಗಂಟ್ಲಲ್ಲಿ ಏನೋ ಸಿಕ್ಕಾಕ್ಕೊಂಡಿದೆ? ಜೋರಾಗಿ ಒದರು."

"ಲಕ್ಷ್ಮಯ್ಯ ಸಾ!"

ಲಕೋಟೆಯ ಮೇಲೆ ಟೈಪು ಮಾಡಿದ್ದ ತನ್ನ ಸ್ವಂತ ಹೆಸರನ್ನು ತಲೆಕೆಳಗಾಗಿ ಓದುತ್ತಾ, ರಾಮಾಂಜಿನಪ್ಪ ರಿಜಿಸ್ಟರಿನಲ್ಲಿ ಲಕ್ಷ್ಮಯ್ಯ ಎಂದು ಸಹಿ ಹಾಕಿದ. ಹಿಂದೆ ಯಾರೋ ಕಿಸಕ್ಕೆಂದರು. ಲಕೋಟೆ ಕೃಷ್ಣಸ್ವಾಮಿಯ ಅಂಗಿಯ ಜೇಬಿಗೆ ಇಳಿಯಿತು.

ಹೊಸಬನೊಬ್ಬ ಒಂದೇ ಕಡೆ ಇನ್ನೂರ ನಲವತ್ತು ದಿನ ದುಡಿದರೆ, ಅವನನ್ನು ಮನಸ್ಸಿಗೆ ಬಂದಾಗ ಹೊರಗೆ ಹಾಕಲು ಬರುವುದಿಲ್ಲ ಎಂದು ಕಾನೂನಿದೆ. ಮಾಲೀಕ ವೆಂಕಟಸುಬ್ಬಯ್ಯನವರಿಗೆ ಕಾನೂನೆಂದರೆ ಭಾರಿ ಗೌರವ. ಅದನ್ನು ಅವರು ಯಾವತ್ತೂ ಮುರಿದವರಲ್ಲ. ಇನ್ನೂರ ಮೂವತ್ತನೆಯ ದಿನ ಆಳನ್ನೇ ಮನೆಗೆ ಕಳಿಸಿಬಿಡುತ್ತಿದ್ದರು. ಅದಕ್ಕೆ ಬ್ರೇಕ್ ಎಂದು ಹೆಸರು. ಎರಡು ತಿಂಗಳು ಮನೆಯಲ್ಲಿ ಗಂಜಿ ಕುಡಿದು ಬಂದವನನ್ನು ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಿದ್ದರು, ಬೇರೆ ಹೆಸರಿನಲ್ಲಿ. ಹೀಗೆ ಹತ್ತು ವರ್ಷ ದುಡಿದರೂ ಆ ಶೆಡ್ಡಿನಲ್ಲಿ ಎಲ್ಲರೂ ಹೊಸಬರೇ.

ರಾಮಾಂಜಿನಪ್ಪ ಮೊದಲ ಸಲ ತನ್ನ ಹೆಸರಿನಲ್ಲೇ ದುಡಿದಿದ್ದ. ಬ್ರೇಕ್ ಮುಗಿಸಿ ಬಂದಾಗ ಕೃಷ್ಣಸ್ವಾಮಿ, "ಲಕ್ಷ್ಮಯ್ಯನ ಹೆಸರು ಖಾಲಿ ಇದೆ, ಹಾಕು ಸಹಿ" ಎಂದಿದ್ದ. ಲಕ್ಷ್ಮಯ್ಯನ ಹೆಸರು ಯಾಕೆ ಖಾಲಿಯಾಯಿತೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಹತ್ತು ದಿನ ಮುಂಚೆ ಮೂರನೇ ನಂಬರ್ ಪ್ರೆಸ್ಸು, ಪೆಡಲ್ ಒತ್ತದೆಯೇ ಎರಡನೇ ಸಲ ಬಿದ್ದು, ಅವನ ಬಲಗೈಯ ಮೂರು ಬೆರಳು ತಗಡಿನ ಜೊತೆ ಕತ್ತರಿಸಿಹೋಗಿದ್ದವು. ಸರ್ಕಾರಿ ಆಸ್ಪತ್ರೆಗೆ ಹೋದರೆ ದಾಖಲೆಯಾಗುತ್ತದೆಂದು ಯಶವಂತಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಕಟ್ಟು ಕಟ್ಟಿಸಿದ್ದರು. ವಾಸಿಯಾದ ಮೇಲೆ ಬಾ, ವಾಚ್‌ಮನ್ ಮಾಡ್ತೀವಿ ಎಂದಿದ್ದರು. ಅವನು ವಾಸಿಯಾಗಿ ಬಂದಾಗ ಗೇಟಿನವನು ತಡೆದು ನಿಲ್ಲಿಸಿದ. "ಲಕ್ಷ್ಮಯ್ಯ ಒಳಗೆ ಕೆಲ್ಸ ಮಾಡ್ತಾ ಇದಾನಲ್ಲ, ನೀನ್ಯಾವನು?"

ಒಳಗೆ, ಅದೇ ಮೂರನೇ ನಂಬರ್ ಪ್ರೆಸ್ಸಿನ ಮುಂದೆ, ರಾಮಾಂಜಿನಪ್ಪ ಕೂತಿದ್ದ.

ಆ ಲಕೋಟೆ ಫ್ಯಾಕ್ಟರಿಯ ವಿಳಾಸಕ್ಕೆ ಬಂದದ್ದು ಅವನದೇ ತಪ್ಪು. ನಾಗಸಂದ್ರದ ಆಚೆ ಅವನ ಊರಿನಲ್ಲಿ ಅಂಚೆಯವನು ಹೊಲಗೇರಿಗೆ ಕಾಲಿಡುತ್ತಿರಲಿಲ್ಲ. ಕೇರಿಯ ಕಾಗದಗಳೆಲ್ಲ ಊರಿನ ಜಮೀನ್ದಾರ ಗೋಪಾಲಪ್ಪನ ಜಗಲಿಯ ಮೇಲೆ ಬೀಳುತ್ತಿದ್ದವು. ಹಿಂದೊಮ್ಮೆ ಬಂದ ಇಂಟರ್‌ವ್ಯೂ ಕಾರ್ಡು ಅವನಿಗೆ ಸಿಕ್ಕಿದ್ದು ಮೂರು ತಿಂಗಳ ನಂತರ. ಗೋಪಾಲಪ್ಪನ ಮೊಮ್ಮಗ ಅದನ್ನು ಗಾಳಿಪಟದ ಹರಿದ ಜಾಗಕ್ಕೆ ಅಂಟಿಸಿಕೊಂಡಿದ್ದ. ಸರ್ಕಾರದ ಮುದ್ರೆ ಬೇಲದ ಮರದಲ್ಲಿ ಸಿಕ್ಕಿ ಒದ್ದಾಡುವುದನ್ನು ನೋಡಿ ಬಂದವನೇ, ರಾಮಾಂಜಿನಪ್ಪ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿಗೆ ಹೋಗಿ ವಿಳಾಸ ಬದಲಿಸಿದ. ಆಗ ಅವನು ಫ್ಯಾಕ್ಟರಿಯಲ್ಲಿ ರಾಮಾಂಜಿನಪ್ಪನೇ ಆಗಿದ್ದ. ಹೆಸರು ಕಳೆದುಕೊಳ್ಳುತ್ತೇನೆಂದು ಯಾರಿಗೆ ಗೊತ್ತಿತ್ತು?

ಅವತ್ತು ಬೆಳಿಗ್ಗೆಯೆಲ್ಲ ಕೈ ಸ್ವಾಧೀನದಲ್ಲಿರಲಿಲ್ಲ. ಎಡಗೈಯಲ್ಲಿ ತಗಡು ಒಳಕ್ಕೆ, ಕಾಲಲ್ಲಿ ಪೆಡಲು, ಧಡ್, ಬಲಗೈಯಲ್ಲಿ ಬಿಲ್ಲೆ ಹೊರಕ್ಕೆ. ಆ ಬಿಲ್ಲೆಗಳು ಹೋಗುತ್ತಿದ್ದದ್ದು ಕಾಗದ ಕಳಿಸಿದ ಆ ಸರ್ಕಾರಿ ಫ್ಯಾಕ್ಟರಿಗೇ. ಪಕ್ಕದ ಪ್ರೆಸ್ಸಿನ ಶ್ಯಾಮಣ್ಣ ಸದ್ದಿನ ನಡುವೆ ಕೂಗಿದ.

"ಲೇ, ಅಲ್ಲಿರೋರು ಎರಡೂವರೆ ತಿಂಗ್ಳು ಸ್ಟ್ರೈಕ್ ಮಾಡಿ, ತಿರ್ಗಾ ಅದೇ ಕುರ್ಚಿ ಮ್ಯಾಲೆ ಓಗಿ ಕುಂತ್ರು. ಇಲ್ಲಿ ಉಚ್ಚೆ ಉಯ್ದು ಬರೋದ್ರಾಗೆ ನಮ್ ಸ್ಟೂಲ್ನಾಗೆ ಇನ್ನೊಬ್ಬ ಕುಂತಿರ್ತಾನೆ. ಎಂಗಾದ್ರೂ ಮಾಡಿ ಕಾಗ್ದ ಇಸ್ಕಳ್ಳಲಾ. ಕಾಲ್ ಇಡ್ಕ!"

ಮಧ್ಯಾಹ್ನ ಕಾಲು ಹಿಡಿಯುವ ಸಂದರ್ಭ ತಾನಾಗಿಯೇ ಬಂತು. ಮಾಲೀಕರ ಕೋಣೆಗೆ ಕರೆ.

"ಏನಪ್ಪಾ, ಊಟ ಆಯ್ತಾ?" ಎಂದರು ವೆಂಕಟಸುಬ್ಬಯ್ಯ. ಹಣೆಯಲ್ಲಿ ಕುಂಕುಮ, ಗೋಡೆಯ ಮೇಲೆ ದೇವರ ಪಟಗಳು, ಊದಿನಕಡ್ಡಿಯ ಹೊಗೆ. ಮಾಲೀಕರು ಊಟದ ವಿಚಾರ ಕೇಳಿದ್ದು ಒಂದೂವರೆ ವರ್ಷದಲ್ಲಿ ಇದೇ ಮೊದಲು. ರಾಮಾಂಜಿನಪ್ಪನಿಗೆ ಕೃಷ್ಣಸ್ವಾಮಿಯ ಬೈಗಳಿಗಿಂತ ಈ ಮಾತಿಗೆ ಹೆಚ್ಚು ಹೆದರಿಕೆಯಾಯಿತು.

"ಆಯ್ತು ಬುದ್ಧಿ."

"ನಿನಗೆ ಸರ್ಕಾರಿ ಕೆಲಸ ಸಿಕ್ಕಿದ್ರೆ ನನಗೇನು ಹೊಟ್ಟೆ ಉರೀನಾ? ನಮ್ಮಲ್ಲಿ ಕಲಿತ ಹುಡುಗ ಉದ್ಧಾರ ಆದ ಅಂತ ಸಂತೋಷನೇ. ಇಂಟರ್‌ವ್ಯೂ ಈ ವಾರದಲ್ಲೇ ಇದೆ. ನೋಡ್ದೆ ನಾನು." ಅಂದರೆ, ಲಕೋಟೆ ಆಗಲೇ ಒಡೆದಾಗಿತ್ತು. "ಗುರುವಾರ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರೆ. ಆ ಹಳೇ ಲಕ್ಷ್ಮಯ್ಯ ಯಾರ್ದೋ ಮಾತು ಕೇಳ್ಕೊಂಡು ಅರ್ಜಿ ಹಾಕಿದಾನೆ, ಇಲ್ಲಿ ಬೆರಳು ಹೋಯ್ತು ಅಂತ. ನಮ್ಮ ರಿಜಿಸ್ಟರ್ ಪ್ರಕಾರ ಲಕ್ಷ್ಮಯ್ಯ ನೀನು. ದಿನಾ ಕೆಲಸಕ್ಕೆ ಬರ್ತಿದೀಯ, ಹತ್ತು ಬೆರಳೂ ಇದೆ. ಅವರ ಮುಂದೆ ಎರಡೂ ಕೈ ಎತ್ತಿ ತೋರಿಸು. ಅಷ್ಟೇ. ಸಾಯಂಕಾಲ ಕಾಗದ ತಗೊಂಡು ಹೋಗು."

"ಬುದ್ಧಿ, ಆವಯ್ಯಂಗೆ ನಿಜವಾಗ್ಲೂ..."

"ಏಯ್!" ಕೃಷ್ಣಸ್ವಾಮಿ ಹಿಂದಿನಿಂದ ಕುತ್ತಿಗೆಯ ಪಟ್ಟಿ ಹಿಡಿದ. "ಯಜಮಾನ್ರು ಮಾತಾಡ್ಬೇಕಾದ್ರೆ ಅಡ್ಡಬಾಯಿ ಹಾಕ್ತೀಯಾ? ಕೇರಿ ನನ್ಮಗನೆ! ಆರು ತಿಂಗ್ಳಿಂದ ಇನ್ನೊಬ್ಬನ ಹೆಸರಲ್ಲಿ ಸಹಿ ಹಾಕಿ ಸಂಬ್ಳ ತಗೊಂಡಿದೀಯ. ಅದಕ್ಕೆ ಏನಂತಾರೆ ಗೊತ್ತಾ? ಫೋರ್ಜರಿ. ಫೋರ್ ಟ್ವೆಂಟಿ ಕೇಸು."

"ನೀವೇ ಆಕು ಅಂದ್ರಲ್ಲ ಸಾ."

"ಸಹಿ ಯಾರ್ದೋ? ನಂದಾ?"

ವೆಂಕಟಸುಬ್ಬಯ್ಯ ಕೈ ಎತ್ತಿ ಸಮಾಧಾನ ಮಾಡಿದರು. "ಬಿಡ್ರೀ, ಹೆದರಿಸ್ಬೇಡಿ. ಸರ್ಕಾರಿ ಕೆಲಸಕ್ಕೆ ಪೊಲೀಸ್ ವಿಚಾರಣೆ ಇರುತ್ತಪ್ಪಾ. ಸ್ಟೇಷನ್ನಲ್ಲಿ ನಿನ್ನ ಹೆಸರು ಒಂದು ಸಲ ಬಂದ್ರೆ ಮುಗೀತು, ಜೀವಮಾನದಲ್ಲಿ ಸಿಗಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಹೋಗು, ಮಿಷಿನ್ ಖಾಲಿ ನಿಂತಿದೆ."

ಮನೆಗೆ ಬಂದು ರಾಮಾಂಜಿನಪ್ಪ ಹೆಂಡತಿ ಅನುಸೂಯಮ್ಮನಿಗೆ ಎಲ್ಲ ಹೇಳಿದ. ಮಾರನೆಯ ದಿನ ಅವಳು ಗೋಪಾಲಪ್ಪನ ಹೊಲದ ಕಳೆ ಕೆಲಸ ಬಿಟ್ಟು, ಆ ಸರ್ಕಾರಿ ಫ್ಯಾಕ್ಟರಿಯ ಗೇಟಿಗೆ ನಡೆದುಕೊಂಡೇ ಹೋಗಿಬಂದಳು. ಕಾಗದವಿಲ್ಲದೆ ಮಂತ್ರಿ ಬಂದರೂ ಒಳಗೆ ಬಿಡುವುದಿಲ್ಲವೆಂದು ಗೇಟಿನವನು ಹೇಳಿದನಂತೆ. ಅವಳು ಸ್ವಲ್ಪ ಹೊತ್ತು ಬೇಲಿಯ ಸಂದಿಯಿಂದ ನೋಡುತ್ತಾ ನಿಂತಿದ್ದಳು.

"ಒಳೀಕೆ ಊವಿನ್ ಗಿಡ ಆಕವ್ರೆ ಕಣಯ್ಯಾ. ಎಲ್ರೂ ಒಂದೇ ತರದ ನೀಲಿ ಬಟ್ಟೆ. ಬಸ್ನಾಗೆ ಕುಂತ್ಕಂಡು ಬತ್ತಾರೆ, ಬಸ್ನಾಗೇ ಓಯ್ತಾರೆ. ಒಬ್ರ ಮಕದಾಗೂ ಎದರಿಕೆ ಇಲ್ಲ." ಅವಳಿಗೆ ಅದೇ ದೊಡ್ಡ ಆಶ್ಚರ್ಯ. ಒಲೆಯ ಮುಂದೆ ಕೂತು ಮತ್ತೆ ಹೇಳಿದಳು. "ತೋರ್ಸ್ಬುಡು. ಓಗಿರೋ ಬೆಳ್ಳು ತಿರುಗ್ ಚಿಗುರ್ತದಾ? ಅವನ್ದು ಓಗೈತೆ. ನಿಂದ್ ಓಗೋಕ್ ಮುಂಚೆ ಅಲ್ಲಿಂದ ಎದ್ ಬಾ."

ನಿಂದ್ ಓಗೋಕ್ ಮುಂಚೆ ಎಂದದ್ದು ಅವನನ್ನು ಬಿಡಲಿಲ್ಲ. ಆ ಸರ್ಕಾರಿ ಫ್ಯಾಕ್ಟರಿಯಲ್ಲಿ ಡಾಕ್ಟರು ಬೆರಳು ಎಣಿಸಿ ನೋಡಿಯೇ ತೆಗೆದುಕೊಳ್ಳುವುದು. ಮೂರನೇ ನಂಬರ್ ಪ್ರೆಸ್ಸಿಗೆ ಇನ್ನೊಂದು ಸಲ ಮನಸ್ಸು ಬಂದರೆ ಕಾಗದ ಇದ್ದೂ ಉಪಯೋಗವಿಲ್ಲ. ಬುಧವಾರ ಇಡೀ ದಿನ ಅವನು ಪ್ರತಿ ಸಲ ಪೆಡಲು ಒತ್ತಿದಾಗಲೂ ಉಸಿರು ಹಿಡಿದ. ಬಿಲ್ಲೆ ಕಡಿಮೆಯಾಯಿತೆಂದು ಕೃಷ್ಣಸ್ವಾಮಿ ತಲೆಗೆ ಮೊಟಕಿದ.

ಅದೇ ಸಾಯಂಕಾಲ, ನೀಲಗಿರಿ ತೋಪಿನ ಕಾಲುದಾರಿಯಲ್ಲಿ ಲಕ್ಷ್ಮಯ್ಯ ಎದುರಾದ. ಬಲಗೈಯನ್ನು ಟವಲಿನಲ್ಲಿ ಸುತ್ತಿಕೊಂಡಿದ್ದ. ರಾಮಾಂಜಿನಪ್ಪ ದಾರಿ ಬಿಟ್ಟು ಮರಗಳ ನಡುವೆ ನುಗ್ಗಲು ನೋಡಿದ.

"ಎತ್ಲಾಗ್ ಓಡೀಯ? ಬಾರ್ಲಾ. ಬೆಳ್ಳಿಲ್ದೋನು ನಿನ್ನೇನ್ ಇಡ್ಕಳ್ಳಾನು?" ಲಕ್ಷ್ಮಯ್ಯ ನಕ್ಕ. "ಎಂಗೈತೆ ನನ್ ಎಸ್ರು? ಚೆನ್ನಾಗ್ ದುಡೀತೈತಾ?"

"ಅಣ್ಣಾ, ನಾನು ಬೇಕು ಅಂತ..."

"ಗೊತ್ ಬುಡು. ನಾಳಿಕ್ ಇನ್‌ಸ್ಪೆಕ್ಟ್ರು ಮುಂದೆ ನಿನ್ನ ನಿಲ್ಲಿಸ್ತಾರಂತೆ. ಶ್ಯಾಮಣ್ಣ ಯೋಳ್ದ. ಕಾಗ್ದದ್ ವಿಚಾರಾನೂ ಯೋಳ್ದ." ಅವನು ಟವಲನ್ನು ಬಿಚ್ಚಿದ. ಹೆಬ್ಬೆರಳು, ಕಿರುಬೆರಳು. ನಡುವೆ ನುಣುಪಾದ ಕೆಂಪು ಚರ್ಮ. "ಇದ ಸರ್ಕಾರ್ದೋರ್ಗೆ ತೋರ್ಸಣ ಅಂತ ನಾನೂ ಬತ್ತೀನಿ. ಗೇಟಿಂದ ಒಳೀಕ್ ಬುಡಾಕಿಲ್ಲ, ಗೊತ್ತು. ನೀನು ತೋರ್ಸ್ಬುಡು. ನಿನ್ ಜಾಗ್ದಾಗೆ ನಾನಿದ್ರೂ ಅದ್ನೇ ಮಾಡ್ತಿದ್ದೆ. ನಿನ್ ಮ್ಯಾಲೆ ಸಿಟ್ಟಿಲ್ಲ."

ಬೈದಿದ್ದರೆ ರಾಮಾಂಜಿನಪ್ಪನಿಗೆ ಸುಲಭವಾಗುತ್ತಿತ್ತು. ಅವನು ಆ ಕೈಯಿಂದ ಕಣ್ಣು ಕೀಳಲಾರದೆ ನಿಂತ. ಲಕ್ಷ್ಮಯ್ಯ ನಾಲ್ಕು ಹೆಜ್ಜೆ ಹೋದವನು ತಿರುಗಿದ.

"ಲೇ, ಆ ಮಿಷಿನ್ದು ಕ್ಲಚ್ಚು ಸರಿ ಮಾಡಿಸಿದ್ರಾ?"

"ಇಲ್ಲಣ್ಣ."

"ಉಷಾರು ಮತ್ತೆ."

ಗುರುವಾರ ಶೆಡ್ಡಿಗೆ ಹಬ್ಬದ ಕಳೆ ಬಂದಿತ್ತು. ನೆಲಕ್ಕೆ ನೀರು ಹಾಕಿದ್ದರು. ಬೆರಳು ಒಳಗೆ ಹೋಗದಂತೆ ತಡೆಯುವ ಕಬ್ಬಿಣದ ಜಾಲರಿಗಳು ವರ್ಷವಿಡೀ ಗೋಡೆಯ ಮೊಳೆಗೆ ನೇತಾಡುತ್ತಿದ್ದವು. ಅವತ್ತು ಅವೆಲ್ಲ ಇಳಿದುಬಂದು, ಹಸಿ ಹಳದಿ ಬಣ್ಣ ಬಳಿಸಿಕೊಂಡು ಪ್ರೆಸ್ಸುಗಳ ಬಾಯಿಗೆ ಕೂತಿದ್ದವು. ಜಾಲರಿ ಹಾಕಿದರೆ ಬಿಲ್ಲೆ ಅರ್ಧಕ್ಕರ್ಧ ಕಡಿಮೆ ಬೀಳುತ್ತವೆ. ಆದ್ದರಿಂದ ಇನ್‌ಸ್ಪೆಕ್ಟರು ಬರುವ ದಿನ ಮಾತ್ರ ಆ ಶೆಡ್ಡಿನಲ್ಲಿ ಮನುಷ್ಯರ ಬೆರಳಿಗೆ ಬೆಲೆ.

ಹನ್ನೊಂದು ಗಂಟೆಗೆ ಕೃಷ್ಣಸ್ವಾಮಿ ಒಬ್ಬ ಅಪರಿಚಿತನನ್ನು ಮೂರನೇ ನಂಬರಿಗೆ ಕರೆತಂದ. ನಲವತ್ತು ದಾಟಿದವನು, ತಲೆಗೆ ಟವಲು ಸುತ್ತಿದ್ದ, ಕೈಯಲ್ಲಿ ಬುತ್ತಿ ಗಂಟು. ಚಂದಾಪುರದ ಕಡೆಯ ವೆಂಕಟಪ್ಪ. ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡಿದವನು, ಪ್ರೆಸ್ಸಿನ ಮುಖ ನೋಡಿದವನಲ್ಲ.

"ಕೆಲ್ಸ ಹೆಂಗೆ ಅಂತ ಸಾಯಂಕಾಲದೊಳಗೆ ಇವನಿಗೆ ತೋರ್ಸು," ಎಂದ ಕೃಷ್ಣಸ್ವಾಮಿ ರಾಮಾಂಜಿನಪ್ಪನಿಗೆ. ಜೇಬು ತಟ್ಟಿ ಕಣ್ಣು ಮಿಟುಕಿಸಿದ. "ನೀನಂತೂ ಹೊರಟೆಯಲ್ಲ, ದೊಡ್ಡ ಮನುಷ್ಯ." ಆಮೇಲೆ ಹೊಸಬನ ಕಡೆ ತಿರುಗಿದ. "ಲೋ, ನಾಳೆಯಿಂದ ನಿನ್ನ ಹೆಸರು ಲಕ್ಷ್ಮಯ್ಯ. ಯಾರು ಕೇಳಿದ್ರೂ ಲಕ್ಷ್ಮಯ್ಯ. ಮರೀಬೇಡ."

"ಆಗ್ಲಿ ಬುದ್ಧಿ," ಎಂದ ವೆಂಕಟಪ್ಪ ಕೈಮುಗಿದು. ಕೆಲಸ ಸಿಕ್ಕಿದ ಸಂತೋಷಕ್ಕೆ ಅವನ ಮುಖ ಅರಳಿತ್ತು. ಕೃಷ್ಣಸ್ವಾಮಿ ಆಚೆ ಹೋದ ಮೇಲೆ ಸ್ಟೂಲಿನ ತುದಿಯಲ್ಲಿ ಕೂತು, ಹಳದಿ ಬಣ್ಣದ ಜಾಲರಿಯನ್ನು ಮೆಚ್ಚಿಗೆಯಿಂದ ಸವರಿದ. ಬಣ್ಣ ಬೆರಳಿಗೆ ಹತ್ತಿತು. ಪಂಚೆಗೆ ಒರೆಸಿಕೊಂಡ.

"ಚೆನ್ನಾಗ್ ಭದ್ರ ಮಾಡವ್ರೆ, ಅಲ್ವಾ? ಎಂಗಣ್ಣ ಈ ಮಿಷಿನ್ನು? ಒಳ್ಳೇದಾ?"

ಕ್ಲಚ್ಚಿನ ವಿಚಾರ ರಾಮಾಂಜಿನಪ್ಪನ ನಾಲಿಗೆಯ ತುದಿಗೆ ಬಂತು. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಕಚೇರಿಯ ಬಾಗಿಲಿನಿಂದ ಕೃಷ್ಣಸ್ವಾಮಿ ಕೂಗಿದ.

"ಲಕ್ಷ್ಮಯ್ಯ! ಬಾರೋ ಇಲ್ಲಿ!"

ಇಬ್ಬರೂ ಎದ್ದು ನಿಂತರು. ವೆಂಕಟಪ್ಪ ನಾಚಿಕೊಂಡು ಮತ್ತೆ ಕೂತ.

ಇನ್‌ಸ್ಪೆಕ್ಟರು ಕಚೇರಿಯ ಮುಂದಿನ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ತೊಡೆಯ ಮೇಲೆ ರಿಜಿಸ್ಟರು, ಕೈಯಲ್ಲಿ ಪೆನ್ನು, ಬಿಸಿಲಿಗೆ ಬಸವಳಿದ ಮುಖ. ವೆಂಕಟಸುಬ್ಬಯ್ಯನವರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಮೂವತ್ತು ಮಾರು ದೂರದಲ್ಲಿ ಗೇಟು. ಗೇಟಿನ ಕಂಬಿಯ ಆಚೆ ಟವಲು ಸುತ್ತಿದ ಕೈ.

"ಅಲ್ಲಿ ನಿಂತಿದಾನಲ್ಲ, ಅವನಿಗೆ ಕಬ್ಬಿನ ಗಾಣದಲ್ಲಿ ಕೈ ಸಿಕ್ಕಿದ್ದು ಸಾರ್. ಕುಡಿಯೋದು, ಬಂದು ಗಲಾಟೆ ಮಾಡೋದು," ಎನ್ನುತ್ತಿದ್ದರು ವೆಂಕಟಸುಬ್ಬಯ್ಯ. "ನಮ್ಮ ಲಕ್ಷ್ಮಯ್ಯ ಇವನು. ಒಂದು ದಿನ ತಪ್ಪಿಸಿದವನಲ್ಲ."

"ಏನಪ್ಪಾ, ಲಕ್ಷ್ಮಯ್ಯ ಅಂದ್ರೆ ನೀನೇನಾ?" ಇನ್‌ಸ್ಪೆಕ್ಟರು ತಲೆ ಎತ್ತದೆ ಕೇಳಿದರು. "ಕೈ ತೋರಿಸು, ಬರ್ಕೋತೀನಿ."

ಕೃಷ್ಣಸ್ವಾಮಿ ಇನ್‌ಸ್ಪೆಕ್ಟರರ ಬೆನ್ನ ಹಿಂದೆ ನಿಂತಿದ್ದ. ಜೇಬಿನಿಂದ ಲಕೋಟೆಯ ಕಂದು ಅಂಚು ಕಾಣುವಂತೆ ಮೇಲಕ್ಕೆ ಎಳೆದಿಟ್ಟುಕೊಂಡಿದ್ದ.

ರಾಮಾಂಜಿನಪ್ಪ ಎರಡೂ ಕೈ ಎತ್ತಿದ. ಹತ್ತು ಬೆರಳು. ಗ್ರೀಸು ಮೆತ್ತಿದ್ದ, ತಗಡು ಗೀರಿದ್ದ, ಪೂರಾ ಇದ್ದ ಹತ್ತು ಬೆರಳು. ಅವುಗಳನ್ನು ನೋಡುತ್ತಾ ಅವನಿಗೆ ಅನುಸೂಯಮ್ಮ ಕಂಡ ಹೂವಿನ ಗಿಡ, ನೀಲಿ ಬಟ್ಟೆ, ಹೆದರಿಕೆಯಿಲ್ಲದ ಮುಖಗಳೆಲ್ಲ ನೆನಪಾದವು. ಇಷ್ಟು ಆಸೆ ಅವನಿಗೆ ಬದುಕಿನಲ್ಲಿ ಯಾವುದರ ಮೇಲೂ ಹುಟ್ಟಿರಲಿಲ್ಲ. ಒಂದು ಕ್ಷಣ ಹೀಗೇ ನಿಂತರೆ ಸಾಕಿತ್ತು. ಬಾಯಿ ಕೂಡ ಬಿಡಬೇಕಾಗಿರಲಿಲ್ಲ. ಒಳಗೆ ಶೆಡ್ಡಿನಿಂದ ಮೂರನೇ ನಂಬರು ಒಮ್ಮೆ ಧಡ್ ಎಂದಿತು. ವೆಂಕಟಪ್ಪ ಪೆಡಲು ಒತ್ತಿ ನೋಡಿದ್ದಿರಬೇಕು. ಅಥವಾ ಒತ್ತದೆಯೂ ಇರಬಹುದು.

ರಾಮಾಂಜಿನಪ್ಪ ಎಡಗೈ ಇಳಿಸಿದ. ಎತ್ತಿದ ಬಲಗೈಯಲ್ಲಿ ತೋರುಬೆರಳು ಮಡಚಿದ. ನಡುಬೆರಳು ಮಡಚಿದ. ಉಂಗುರದ ಬೆರಳು ಮಡಚಿದ. ಹೆಬ್ಬೆರಳೂ ಕಿರುಬೆರಳೂ ಉಳಿದವು.

"ಲಕ್ಷ್ಮಯ್ಯನ ಕೈ ಇಂಗೈತೆ ಸಾ."

ಇನ್‌ಸ್ಪೆಕ್ಟರು ಈಗ ತಲೆ ಎತ್ತಿದರು.

"ನಾನು ರಾಮಾಂಜಿನಪ್ಪ. ಲಕ್ಷ್ಮಯ್ಯ ಗೇಟ್ ತಾವ ನಿಂತವ್ನೆ. ಅವನ್ ಬೆಳ್ಳು ಮೂರ್ನೇ ನಂಬರ್ನಾಗೇ ಓಗಿದ್ದು, ನನ್ ಕೈಲಿ ಅವನ್ ಎಸ್ರಾಗೆ ಸೈನು ಆಕಿಸ್ತಾವ್ರೆ. ನಾಳಿಕ್ ಇನ್ನೊಬ್ಬನ್ನ ಕೂರಿಸ್ತಾರೆ, ಅಗೋ, ಒಳಗವ್ನೆ. ಆ ಸ್ವಾಮಿ ಜೇಬ್ನಾಗಿರೋ ಕಾಗ್ದ ನಂದು ಸಾ. ನನ್ ಎಸ್ರೈತೆ ಅದ್ರ ಮ್ಯಾಲೆ."

ಕೃಷ್ಣಸ್ವಾಮಿಯ ಅಂಗೈ ಜೇಬಿನ ಮೇಲೆ ಬಿತ್ತು. ಕಂದು ಅಂಚು ಒಳಗೆ ಹೋಯಿತು. ಒಳಗೇ ಕಾಗದ ಮುದುರಿದ ಸದ್ದು ರಾಮಾಂಜಿನಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು.

"ನೋಡಿದ್ರಾ ಸಾರ್, ಹೆಂಗೆ ಒಂದಾಗಿದಾರೆ ಇವರು," ಎಂದರು ವೆಂಕಟಸುಬ್ಬಯ್ಯ. ಅವರ ದನಿ ಆಗಲೂ ಮೆತ್ತಗೇ ಇತ್ತು. "ಕೃಷ್ಣಸ್ವಾಮಿ, ಸ್ಟೇಷನ್ನಿಗೆ ಒಂದು ಫೋನ್ ಮಾಡಿ. ಸುಳ್ಳು ಸಹಿ ಅಂತ ಇವನೇ ಒಪ್ಕೊಂಡಿದಾನೆ."

ಇನ್‌ಸ್ಪೆಕ್ಟರು ರಿಜಿಸ್ಟರನ್ನು ನೋಡಿದರು, ಗೇಟಿನ ಕಡೆ ನೋಡಿದರು, ಮತ್ತೆ ರಿಜಿಸ್ಟರನ್ನು ನೋಡಿದರು. ಪೆನ್ನು ಕಾಗದದಿಂದ ಒಂದಂಗುಲ ಮೇಲೆ ನಿಂತಿತ್ತು. ಬರೆಯಲೂ ಇಲ್ಲ, ಮುಚ್ಚಲೂ ಇಲ್ಲ.

ಕೇಸು, ಲಾಕಪ್ಪು, ಅನುಸೂಯಮ್ಮನಿಗೆ ಏನು ಹೇಳುವುದು ಎಂಬುದೆಲ್ಲ ರಾಮಾಂಜಿನಪ್ಪನ ತಲೆಗೆ ಒಟ್ಟಿಗೆ ನುಗ್ಗಿ ಬಂತು. ಓಡಿಹೋಗಿಬಿಡಬೇಕೆನಿಸಿತು. ಶೆಡ್ಡಿನ ಬಾಗಿಲಲ್ಲಿ ಶ್ಯಾಮಣ್ಣ ಬಾಯಿ ತೆರೆದು ನಿಂತಿದ್ದ. ಅವನ ಹಿಂದೆ, ಮೂರನೇ ನಂಬರಿನ ಮುಂದೆ, ವೆಂಕಟಪ್ಪ ಮೆಲ್ಲಗೆ ಸ್ಟೂಲಿನಿಂದ ಎದ್ದ. ಹಳದಿ ಬಣ್ಣ ಹತ್ತಿದ ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡ. ಬುತ್ತಿ ಗಂಟನ್ನು ಎದೆಗೊತ್ತಿಕೊಂಡು ಪ್ರೆಸ್ಸಿನಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತ.

"ಕೈ ಇಳಿಸಲೋ!" ಎಂದು ಕೃಷ್ಣಸ್ವಾಮಿ ಅರಚಿದ.

ಇಳಿಸಬೇಕೆಂದರೂ ಆಗಲಿಲ್ಲ. ಭಯಕ್ಕೆ ತೋಳು ಮರಗಟ್ಟಿತ್ತು. ಮಡಚಿದ ಮೂರು ಬೆರಳು ಬಿಚ್ಚಿಕೊಳ್ಳಲಿಲ್ಲ. ಗೇಟಿನ ಆಚೆ, ಕಂಬಿಗಳ ನಡುವೆ, ಲಕ್ಷ್ಮಯ್ಯ ಟವಲು ಬಿಚ್ಚಿ ತನ್ನ ಕೈಯನ್ನೂ ಮೇಲೆತ್ತಿದ.